ಅಗ್ಗದ ಪೆಟ್ಟಿಗೆಯೂ ನಾವೇ ಜೋಡಿಸಿದ ಕಂಪ್ಯೂಟರೂ

2022ರ ಜೂನ್. ಶಾಲೆ ಸುರುವಾಗುವ ಹೊತ್ತು. ನಾನು ಜಗಲಿಯಲ್ಲಿ ಹೊಲಿಗೆ ಮಿಷಿನ್ ಮುಂದೆ ಕುಳಿತು ಯೂನಿಫಾರ್ಮ್‌ಗಳ ರಾಶಿಯಲ್ಲಿ ಮುಳುಗಿದ್ದೆ. ಒಳಕೋಣೆಯಿಂದ ಮಗ ಕೂಗಿದ:

"ಅಮ್ಮಾ, ಈ ಕಂಪ್ಯೂಟರ್ ಮುಟ್ಟಿದ್ರೆ ಕೈ ಜುಮ್ ಅಂತದೆ!"

ಅವನಿಗೆ ಆಗ ಒಂಬತ್ತು ವರ್ಷ. ಬರಿಗಾಲಲ್ಲಿ, ಮಳೆಗೆ ತೇವ ಎಳೆದ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಿದ್ದ. ಓಡಿಹೋಗಿ ಮೊದಲು ಸ್ವಿಚ್ಚು ಆರಿಸಿದೆ. ನನ್ನ ಕೈಕಾಲು ನಡುಗುತ್ತಿತ್ತು. ಆ ಕಂಪ್ಯೂಟರ್ ಮನೆಗೆ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಅದನ್ನು ಕೊಂಡ ಕಥೆಯನ್ನು ಮೊದಲು ಹೇಳಬೇಕು. ನಮ್ಮ ಮನೆ ಕಾಪುವಿನಲ್ಲಿ, ದೀಪಸ್ತಂಭದ ಬೆಳಕು ರಾತ್ರಿ ಮಾಡಿನ ಮೇಲೆ ಹಾದುಹೋಗುವಷ್ಟು ಕಡಲಿಗೆ ಹತ್ತಿರ. ನಮ್ಮವರು ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ರವಿಕೆ, ಚೂಡಿದಾರ ಹೊಲಿಯುತ್ತೇನೆ. ಕೊರೊನಾ ಕಾಲದಲ್ಲಿ ಒಂದೇ ಮೊಬೈಲಿಗೆ ಇಬ್ಬರು ಮಕ್ಕಳು ಜಗಳವಾಡಿದ್ದನ್ನು ನೋಡಿ, ಮಗಳು ಎಂಟನೇ ತರಗತಿಗೆ ಹೋಗುವಾಗ ಒಂದು ಕಂಪ್ಯೂಟರ್ ತರಲೇಬೇಕೆಂದು ನಿರ್ಧಾರ ಮಾಡಿದ್ದೆ. ಸ್ವಸಹಾಯ ಸಂಘದ ಉಳಿತಾಯ, ಹೊಲಿಗೆಯ ಹಣ ಎಲ್ಲ ಸೇರಿಸಿ 17,500 ರೂಪಾಯಿ. ಅಷ್ಟಕ್ಕೇ ಸರಿಯಾಗಿ ಒಂದು ಅಂಗಡಿಯವರು 'ಐ7 ಕಂಪ್ಯೂಟರ್, 8 ಜಿಬಿ, 500 ಜಿಬಿ, ಮಾನಿಟರ್ ಸಮೇತ' ಎಂದು ಫ್ಲೆಕ್ಸ್ ಹಾಕಿದ್ದರು. ಹೊಳೆಯುವ ಕಪ್ಪು ಪೆಟ್ಟಿಗೆ, ಮುಂದೆ ನೀಲಿ ದೀಪ. ನಮ್ಮಲ್ಲಿ ಆ ಪೆಟ್ಟಿಗೆಗೇ 'ಸಿಪಿಯು' ಎನ್ನುವುದು. ಬಿಲ್ಲು ಕೇಳಿದಾಗ ಒಂದು ಚೀಟಿಯಲ್ಲಿ 'ಕಂಪ್ಯೂಟರ್ ಸೆಟ್' ಎಂದು ಬರೆದುಕೊಟ್ಟರು. ಮಾತು ಮುಗಿಯಿತು.

ಹೊಲಿಯುವವಳಾಗಿ ನಾನು ಮಾಡಬಾರದ ತಪ್ಪು ಅದು. ರೆಡಿಮೇಡ್ ಬಟ್ಟೆ ಕೊಳ್ಳುವಾಗ ನಾನು ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತೇನೆ. ಕಂಪ್ಯೂಟರಿನ ಒಳಮಗ್ಗುಲು ನೋಡಬೇಕೆಂದು ಹೊಳೆಯಲೇ ಇಲ್ಲ.

ಮೂರನೇ ತೂತಿನಲ್ಲಿ ತಂತಿಯೇ ಇಲ್ಲ

ಕೈ ಜುಮ್ಮೆಂದ ಮರುದಿನ ಎಲೆಕ್ಟ್ರಿಷಿಯನ್ ಬಂದರು. ನಾನು ಅಂಗಡಿಯವರಿಗೆ ಶಾಪ ಹಾಕುತ್ತಿದ್ದರೆ ಅವರು ಗೋಡೆಯ ಬೋರ್ಡು ಬಿಚ್ಚಿ ನಕ್ಕುಬಿಟ್ಟರು. "ಅಕ್ಕ, ಪ್ಲಗ್ಗಿಗೆ ಮೂರು ತೂತು ಉಂಟು. ಮೇಲಿನದ್ದಕ್ಕೆ ತಂತಿಯೇ ಇಲ್ಲ!" ನಮ್ಮದು ಹಳೆಯ ಹೆಂಚಿನ ಮನೆ. ಆ ಕೋಣೆಗೆ ಆಮೇಲೆ ಯಾರೋ ಬೋರ್ಡು ಕೂರಿಸುವಾಗ ಅರ್ತಿಂಗ್ ಎಳೆದಿರಲಿಲ್ಲ. ಎಷ್ಟು ವರ್ಷದಿಂದ ಹಾಗಿತ್ತೋ. ಇಸ್ತ್ರಿಪೆಟ್ಟಿಗೆ ಅದೇ ಪ್ಲಗ್ಗಿನಲ್ಲಿ ಹಾಕುತ್ತಿದ್ದೆ ಎಂದು ನೆನಪಾಗಿ ಬೆವರಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಎಂಥ ಕಂಪ್ಯೂಟರ್ ಕೊಂಡರೂ ಇದು ಮೊದಲು ಬೇಕಾದದ್ದು. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12 ವೋಲ್ಟ್, 5 ವೋಲ್ಟ್ ಹೀಗೆ ಇಳಿಸಿಕೊಡುವ ಡಬ್ಬಿ ಒಳಗಿರುತ್ತದೆ. ಅದಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಕರೆಂಟಿನ ಗದ್ದಲ ಸೋಸುವ ಬಿಡಿಭಾಗಗಳಿರುತ್ತವೆ. ಸೋಸಿದ ಅಲ್ಪಸ್ವಲ್ಪ ಸೋರಿಕೆಯನ್ನು ಅವು ತಗಡಿನ ಮೈಗೆ, ಅಲ್ಲಿಂದ ಅರ್ತ್ ತಂತಿಗೆ ದಾಟಿಸುತ್ತವೆ. ಅರ್ತ್ ಇಲ್ಲದಿದ್ದರೆ ಆ ಸೋರಿಕೆ ಪೆಟ್ಟಿಗೆಯ ಮೈಮೇಲೇ ನಿಂತು, ಮುಟ್ಟಿದವರ ಮೂಲಕ ನೆಲಕ್ಕಿಳಿಯುತ್ತದೆ. ಬರೀ ಸೋರಿಕೆಯಾದರೆ ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಒಳಗೆ ನಿಜವಾಗಿಯೇ ಒಂದು ತಂತಿ ಕಳಚಿ ತಗಡಿಗೆ ತಾಗಿದ್ದರೆ? ಅರ್ತ್ ಇದ್ದ ಮನೆಯಲ್ಲಿ ಫ್ಯೂಸು ಹಾರುತ್ತದೆ. ಇಲ್ಲದ ಮನೆಯಲ್ಲಿ ಜೀವ ಹೋಗಬಹುದು. ಹಿತ್ತಲಲ್ಲಿ ಹೊಸ ಅರ್ತ್ ಪೈಪು ಹುಗಿಸಿ ತಂತಿ ಎಳೆಸಲು 1,400 ರೂಪಾಯಿ ಆಯಿತು. ನಾನು ಈವರೆಗೆ ಕಂಪ್ಯೂಟರ್ ಹೆಸರಲ್ಲಿ ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ಹಾಗಾಗಿ ಆ ಒಂದು ವಿಷಯದಲ್ಲಿ ಅಗ್ಗದ ಪೆಟ್ಟಿಗೆ ನಿರ್ದೋಷಿ. ಉಳಿದ ವಿಷಯಗಳಲ್ಲಿ ಅಲ್ಲ.

ಅಜ್ಜಿಯ ಹಾಡು

ನನ್ನ ತವರು ಕಾರ್ಕಳ. ಅಮ್ಮ ಅಲ್ಲಿ ಅಣ್ಣನ ಮನೆಯಲ್ಲಿದ್ದರು. ಹರೆಯದಲ್ಲಿ ಗದ್ದೆಗಿಳಿದು ನೇಜಿ ನೆಟ್ಟವರು. ನೇಜಿ ನೆಡುವಾಗ ಹೇಳುವ 'ಓಬೇಲೆ' ಹಾಡುಗಳು ಅವರ ಬಾಯಲ್ಲಿ ಎಷ್ಟಿದ್ದವೋ. 2022ರ ದಸರಾ ರಜೆಯಲ್ಲಿ ಮಗಳು ಅಜ್ಜಿಯ ಪಕ್ಕ ಕುಳಿತು ಮೊಬೈಲಿನಲ್ಲಿ ಹನ್ನೊಂದು ಹಾಡು ರೆಕಾರ್ಡ್ ಮಾಡಿದಳು. ನಡುನಡುವೆ ಕೆಮ್ಮು, ಕೋಳಿ ಕೂಗಿದ್ದು, "ಸಾಕಾ ಮಗ?" ಎಂದು ಕೇಳಿದ್ದು ಎಲ್ಲ ಇತ್ತು. ಮೊಬೈಲಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಮೊಬೈಲಿನಿಂದ ಅಳಿಸಿದಳು.

ಮರುವರ್ಷ ಆಟಿ ತಿಂಗಳಲ್ಲಿ ಕಂಪ್ಯೂಟರಿನ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಬರತೊಡಗಿತು. ಹಲ್ಲಿಯೇನೋ ಎಂದುಕೊಂಡೆವು. ಮೂರನೇ ದಿನ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂತು, ಅಷ್ಟೆ. ಹಾರ್ಡ್ ಡಿಸ್ಕ್ ಸತ್ತಿತ್ತು. ಒಳಗಿದ್ದದ್ದನ್ನು ತೆಗೆದುಕೊಡುವವರು ಬೆಂಗಳೂರಿನಲ್ಲಿದ್ದಾರೆ ಎಂದು ವಿಚಾರಿಸಿದರೆ, ಅವರು ಹೇಳಿದ ಮೊತ್ತ ಕಂಪ್ಯೂಟರಿನ ಬೆಲೆಗಿಂತ ಹೆಚ್ಚು. "ಬಿಡು ಮಗ, ಅಜ್ಜಿ ಹತ್ರ ಇನ್ನೊಮ್ಮೆ ಹಾಡಿಸುವ" ಎಂದೆ. ಆ ದೀಪಾವಳಿಗೆ ಮೊದಲೇ ಅಮ್ಮ ತೀರಿಕೊಂಡರು.

ಮಗಳು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ನನ್ನ ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಉತ್ತರಕ್ರಿಯೆಗೆ ಬಂದವನು ಕಾಪುವಿಗೂ ಬಂದು, ಸ್ಕ್ರೂಡ್ರೈವರ್ ಹಿಡಿದು, "ಚಿಕ್ಕಮ್ಮ, ಒಮ್ಮೆ ಬಿಚ್ಚಿ ನೋಡುವನಾ?" ಎಂದ. ಸ್ಕ್ರೂ ಎರಡೇ. ಮೊದಲು ಅವನು ಹಾರ್ಡ್ ಡಿಸ್ಕ್ ತೆಗೆದು ಅದರ ಮೈಮೇಲಿನ ಚೀಟಿ ತೋರಿಸಿದ. ತಯಾರಾದ ವರ್ಷ 2012! ಹೊಸದೆಂದು ಕೊಂಡ ಪೆಟ್ಟಿಗೆಯಲ್ಲಿ ಹತ್ತು ವರ್ಷದ ಹಳೆಯ ಡಿಸ್ಕ್. ಆಮೇಲೆ ಎಸ್‌ಎಂಪಿಎಸ್ ತೆಗೆದು ನನ್ನ ಕೈಗಿತ್ತ. "500 ವ್ಯಾಟ್ ಅಂತ ಬರ್ದಿದ್ದಾರೆ. ಭಾರ ನೋಡಿ." ಖಾಲಿ ಬಿಸ್ಕತ್ ಡಬ್ಬದಷ್ಟು ಹಗುರ. ಒಳಗೆ ಇರಬೇಕಾದ ತಾಮ್ರ, ಶಾಖ ಹೀರುವ ಲೋಹದ ತುಂಡುಗಳು ಕಡಿಮೆಯಾದಷ್ಟೂ ತೂಕ ಕಡಿಮೆ. ಹಾಗೆಂದು ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ, ಮಕ್ಕಳಂತೂ ಖಂಡಿತ ಬೇಡ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ.

ಇನ್ನು ಆ ಹೆಸರಾಂತ ಐ7. ಅದು 2011ರಲ್ಲಿ ಮಾರುಕಟ್ಟೆಗೆ ಬಂದ ಎರಡನೇ ತಲೆಮಾರಿನದ್ದು. ಅದು ಸುಳ್ಳಲ್ಲ, ಐ7 ಹೌದು. ಆದರೆ ಐ3, ಐ5, ಐ7 ಎನ್ನುವುದು ಆಯಾ ತಲೆಮಾರಿನೊಳಗಿನ ದರ್ಜೆ. ಅಜ್ಜನ ಕಾಲದ ಏಳನೇ ಕ್ಲಾಸಿಗೂ ಈಗಿನ ಏಳನೇ ಕ್ಲಾಸಿಗೂ ಪಠ್ಯ ಒಂದೆಯೇ? ಮುಂದೆ ನಾವು ಕೊಂಡ, 2022ರಲ್ಲಿ ಬಂದ ಐ3-12100 ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ನೋಡಬೇಕಾದದ್ದು 'ಐ' ಪಕ್ಕದ ಅಂಕೆಯಲ್ಲ, ಅದರ ನಂತರ ಬರುವ ನಾಲ್ಕೈದು ಅಂಕೆ. 2600 ಎಂದಿದ್ದರೆ ಎರಡನೇ ತಲೆಮಾರು, 6500 ಎಂದಿದ್ದರೆ ಆರನೆಯದು, 12100 ಎಂದಿದ್ದರೆ ಹನ್ನೆರಡನೆಯದು. ಇಷ್ಟು ಗೊತ್ತಿದ್ದಿದ್ದರೆ ಆ ಫ್ಲೆಕ್ಸಿನ ಕೆಳಗೆ ನಿಂತು ನಾನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ.

ಎರಡು ಮನೆ, ಎರಡು ದಾರಿ

2024ರ ಬೇಸಿಗೆ ರಜೆ. ಮಗಳು ಹತ್ತನೇ ತರಗತಿಗೆ ಕಾಲಿಡುವವಳು. ಕಾರ್ಕಳದ ಅಣ್ಣನಿಗೂ ಒಂದು ಕಂಪ್ಯೂಟರ್ ಬೇಕಾಗಿತ್ತು. ಸೊಸೈಟಿಯ ಲೆಕ್ಕ, ಅಡಿಕೆ ಧಾರಣೆ, ಮಗನ ಶಾಲೆಯ ಕೆಲಸ. ಇಬ್ಬರಿಗೂ ಸಲಹೆಗಾರ ಅಕ್ಕನ ಮಗನೇ. ಇಬ್ಬರಿಗೂ ಅವನು ಬೇರೆ ಬೇರೆ ಉತ್ತರ ಕೊಟ್ಟ. ನನಗೆ ಮೊದಲು ಅದು ವಿಚಿತ್ರ ಎನಿಸಿತ್ತು.

ಅಣ್ಣನಿಗೆ ಅವನು ಹೇಳಿದ್ದು, "ಮಾವ, ನಿಮಗೆ ಜೋಡಿಸುವುದು ಬೇಡ. ಆಫೀಸಿನಲ್ಲಿ ಬಳಸಿ ಬಿಟ್ಟದ್ದು ತೆಗೊಳ್ಳಿ." ದೊಡ್ಡ ಕಂಪನಿಗಳು, ಬ್ಯಾಂಕುಗಳು ಕೆಲವು ವರ್ಷಕ್ಕೊಮ್ಮೆ ಕಂಪ್ಯೂಟರುಗಳನ್ನು ಸಾಲಾಗಿ ಬದಲಾಯಿಸುತ್ತವೆ. ಹಾಗೆ ಹೊರಬಂದ ಡೆಲ್, ಎಚ್‌ಪಿ, ಲೆನೊವೊ ಪೆಟ್ಟಿಗೆಗಳನ್ನು ಒರೆಸಿ, ಪರೀಕ್ಷಿಸಿ, ರಿಫರ್ಬಿಷ್ಡ್ ಎಂಬ ಹೆಸರಲ್ಲಿ ಮಾರುತ್ತಾರೆ. ಇದು ನಮ್ಮ ಮೊದಲ ಪೆಟ್ಟಿಗೆಯ ಹಾಗೆ ಹಳೆಯದೇ. ವ್ಯತ್ಯಾಸ ಇಷ್ಟೆ: ಇದು ಹಳೆಯದೆಂದು ಹೇಳಿಯೇ ಮಾರುವಂಥದ್ದು, ಒಳಗಿನ ಎಸ್‌ಎಂಪಿಎಸ್ ಕಂಪನಿಯದ್ದೇ, ದಿನವಿಡೀ ದುಡಿಯಲಿಕ್ಕೆಂದೇ ಕಟ್ಟಿದ್ದು. 13,500 ರೂಪಾಯಿಗೆ ಆರನೇ ತಲೆಮಾರಿನ ಐ5, 8 ಜಿಬಿ ರ್ಯಾಮ್, ಹೊಸ 256 ಜಿಬಿ ಎಸ್‌ಎಸ್‌ಡಿ, 19 ಇಂಚಿನ ಮಾನಿಟರ್, ಒಂದು ವರ್ಷ ಬರಹದಲ್ಲಿ ವಾರಂಟಿ. ಆ ಬೆಲೆಗೆ ಹೊಸ ಬಿಡಿಭಾಗ ತಂದು ಜೋಡಿಸಲು ಯಾರಿಂದಲೂ ಆಗದು.

ಮತ್ತೆ ನಮಗೇಕೆ ಜೋಡಣೆ? ಅದನ್ನು ಬಯಸಿದ್ದು ಮಗಳು. "ಈ ಸಲ ಒಳಗೆ ಎಂತ ಉಂಟು ಅಂತ ನಂಗೆ ಗೊತ್ತಾಗ್ಬೇಕು" ಎಂದಳು. ನಾನು ಎದುರಾಡಲಿಲ್ಲ.

ಬೇರೆ ಬೇರೆ ಕಂಪನಿಗಳ ತುಂಡುಗಳು ಒಂದಕ್ಕೊಂದು ಹೊಂದುವುದು ಹೇಗೆ ಎಂದು ನನಗೆ ಸೋಜಿಗ. ಹೊಲಿಗೆ ಮಿಷಿನ್ನಿನಲ್ಲಿ ಒಂದು ಕಂಪನಿಯ ಬಾಬಿನ್ ಕೇಸು ಇನ್ನೊಂದಕ್ಕೆ ಕೂರಲು ಎಷ್ಟು ತಕರಾರು! ಇದಕ್ಕೆ ಮೂಲ 1981ರಲ್ಲಿದೆ. ಆ ಆಗಸ್ಟಿನಲ್ಲಿ ಐಬಿಎಂ ಕಂಪನಿ ತನ್ನ ಮೊದಲ 'ಪಿಸಿ' ತಂದಾಗ, ಅವಸರದಲ್ಲಿ ಹೆಚ್ಚಿನ ಭಾಗಗಳನ್ನು ಹೊರಗಿನವರಿಂದ ಕೊಂಡು ಜೋಡಿಸಿತ್ತು. ಪ್ರೊಸೆಸರ್ ಇಂಟೆಲ್‌ನದ್ದು, ಒಳಗಿನ ತಂತ್ರಾಂಶ ಮೈಕ್ರೋಸಾಫ್ಟ್‌ನದ್ದು. ಜೋಡಣೆಯ ವಿವರಗಳನ್ನೂ ಪ್ರಕಟಿಸಿತು. ನೋಡಿಕೊಂಡು ಇತರರೂ ಅಂಥದ್ದೇ ಮಾಡತೊಡಗಿದರು. 1995ರಲ್ಲಿ ಇಂಟೆಲ್ 'ಎಟಿಎಕ್ಸ್' ಎಂಬ ಅಳತೆಯನ್ನು ಗೊತ್ತುಮಾಡಿತು: ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲಿ, ಎಸ್‌ಎಂಪಿಎಸ್ ಎಷ್ಟು ದೊಡ್ಡದು, ಎಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಸಾಲು ಸಾಲು ಬಿಡಿಭಾಗದ ಅಂಗಡಿಗಳಿಂದ ಹಿಡಿದು ನಮ್ಮೂರ ಡಿಟಿಪಿ ಅಂಗಡಿಗಳ 'ಅಸೆಂಬಲ್ಡ್' ಕಂಪ್ಯೂಟರುಗಳವರೆಗೆ ಎಲ್ಲ ಬೆಳೆದದ್ದು ಈ ಒಪ್ಪಂದದ ಮೇಲೆ. ಕಂಪನಿಯ ಆಫೀಸು ಪೆಟ್ಟಿಗೆಗಳು ಮಾತ್ರ ಅನೇಕ ಸಲ ಈ ಅಳತೆ ಬಿಟ್ಟು ತಮ್ಮದೇ ಆಕಾರ ಹಿಡಿಯುತ್ತವೆ. ಅವುಗಳ ಎಸ್‌ಎಂಪಿಎಸ್ ಕೆಟ್ಟರೆ ಅದೇ ಜಾತಿಯದ್ದನ್ನು ಹುಡುಕಬೇಕು. ಇದನ್ನು ಅಣ್ಣನಿಗೂ ಮೊದಲೇ ಹೇಳಿದ್ದ.

ಸಾಮಾನು ತರಲು ನಾನು, ಮಗಳು, ಅಕ್ಕನ ಮಗ ಮೂವರೂ ಹೋದೆವು. ಒಂದು ಕಡೆ ಪ್ರೊಸೆಸರಿಗೆ ಒಂದೂವರೆ ಸಾವಿರ ಕಡಿಮೆ ಹೇಳಿದರು. ನನಗೆ ಖುಷಿ. ಮಗಳು ಡಬ್ಬಿ ತಿರುಗಿಸಿ ನೋಡಿ, "ಅಮ್ಮಾ, ಇದು 12100 ಅಲ್ಲ, 12100ಎಫ್" ಎಂದಳು. ಕೊನೆಯ ಆ ಒಂದು ಅಕ್ಷರ ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗ ಇಲ್ಲ ಎಂದರ್ಥ. ಬೇರೆಯೇ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಮಾನಿಟರಿನಲ್ಲಿ ಏನೂ ಕಾಣದು. ಅಂಗಡಿಯವರು ಮೋಸ ಮಾಡಿದ್ದೇನಲ್ಲ, ಗೇಮ್ ಆಡುವವರು ಅದನ್ನೇ ಕೇಳುತ್ತಾರಂತೆ.

ಬಿಲ್ಲು ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಪ್ರೊಸೆಸರ್ 10,200, ಮದರ್‌ಬೋರ್ಡ್ 6,100, 8 ಜಿಬಿಯ ಎರಡು ರ್ಯಾಮ್ 3,500, 500 ಜಿಬಿ ಎಸ್‌ಎಸ್‌ಡಿ 3,200, 450 ವ್ಯಾಟಿನ ಎಸ್‌ಎಂಪಿಎಸ್ 2,900, ಕ್ಯಾಬಿನೆಟ್ 2,000, ಯುಪಿಎಸ್ 3,000, ಕೀಬೋರ್ಡ್, ಮೌಸ್ 900. ಒಟ್ಟು 31,800. ಹಳೆಯ ಮಾನಿಟರನ್ನೇ ಉಳಿಸಿಕೊಂಡೆವು. ಪ್ರತಿಯೊಂದಕ್ಕೂ ಪ್ರತ್ಯೇಕ ಡಬ್ಬಿ, ಸೀರಿಯಲ್ ನಂಬರು, ಬೇರೆ ಬೇರೆ ವರ್ಷಗಳ ವಾರಂಟಿ. 'ಕಂಪ್ಯೂಟರ್ ಸೆಟ್' ಎಂಬ ಚೀಟಿಯ ಪಕ್ಕ ಇದನ್ನಿಟ್ಟು ನೋಡಿದೆ.

ಕ್ಯಾಬಿನೆಟ್ಟಿನಲ್ಲಿ ಉಳಿಸಿ, ಎಸ್‌ಎಂಪಿಎಸ್‌ಗೆ ಹಾಕಿ ಎಂಬುದು ಅಕ್ಕನ ಮಗನ ಹಠ. ಬಣ್ಣದ ದೀಪದ ಕ್ಯಾಬಿನೆಟ್ ಬೇಕೆಂದು ಮಗ ಅತ್ತದ್ದೂ ಆಯಿತು. ಎಸ್‌ಎಂಪಿಎಸ್ ಮೇಲಿನ '80 ಪ್ಲಸ್' ಗುರುತು ಎಂದರೆ, ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ನೂರಕ್ಕೆ ಎಂಬತ್ತು ಪಾಲು ಕೆಲಸಕ್ಕೆ ಕೊಡುತ್ತದೆ, ಉಳಿದದ್ದು ಮಾತ್ರ ಬಿಸಿಯಾಗಿ ಹೋಗುತ್ತದೆ ಎಂಬ ಪರೀಕ್ಷೆ ಪಾಸಾಗಿದೆ ಎಂದು.

ಊಟದ ಮೇಜಿನ ಮೇಲೆ

ಮೇ ತಿಂಗಳ ಒಂದು ಭಾನುವಾರ ಜೋಡಣೆ. ಸೆಕೆಗೆ ಫ್ಯಾನ್ ಬೇಕು, ಫ್ಯಾನ್ ಹಾಕಿದರೆ ಸಣ್ಣ ಚೀಟಿಗಳೆಲ್ಲ ಹಾರುತ್ತವೆ. ಅಕ್ಕನ ಮಗ ಎದುರು ಕುಳಿತು ಕೈಕಟ್ಟಿಕೊಂಡ. "ನಾನು ಮುಟ್ಟುವುದಿಲ್ಲ, ನೀನೇ ಮಾಡು" ಎಂದು ಮಗಳಿಗೆ ಹೇಳಿದ. ಒಣಹವೆಯ ಊರುಗಳಲ್ಲಿ ಬಟ್ಟೆಯ ಉಜ್ಜುವಿಕೆಯಿಂದ ಮೈಯಲ್ಲಿ ಸೇರುವ ವಿದ್ಯುತ್ತು ಚಿಪ್ಪುಗಳನ್ನು ಸುಡಬಹುದಂತೆ. ನಮ್ಮ ಕಡಲ ತಡಿಯ ಮೇ ತಿಂಗಳಲ್ಲಿ ಆ ಭಯ ಕಡಿಮೆ. ಆದರೂ ಪ್ರತಿ ಸಲ ಕ್ಯಾಬಿನೆಟ್ಟಿನ ತಗಡು ಮುಟ್ಟಿಯೇ ಮುಂದುವರಿಯಬೇಕೆಂದು ಕಟ್ಟಪ್ಪಣೆ.

ಪ್ರೊಸೆಸರ್ ಎಂದರೆ ಬೆಂಕಿಪೊಟ್ಟಣದಷ್ಟೂ ಇಲ್ಲ. ಮೂಲೆಯಲ್ಲಿ ಒಂದು ಚಿನ್ನದ ಬಣ್ಣದ ತ್ರಿಕೋನ, ಮದರ್‌ಬೋರ್ಡಿನ ಗುಳಿಯಲ್ಲೂ ಅಂಥದ್ದೇ ಗುರುತು. ಎರಡನ್ನೂ ಸೇರಿಸಿ ಇಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಗುಳಿಯೊಳಗೆ ಕೂದಲಿಗಿಂತ ನವುರಾದ ನೂರಾರು ಮುಳ್ಳು. ಒಂದು ಬಗ್ಗಿದರೂ ಆರು ಸಾವಿರದ ಬೋರ್ಡು ಹೋಯಿತು. ಸರಳು ಕೆಳಗೊತ್ತುವಾಗ ಕಿರ್ರ್ ಎಂದು ಸದ್ದಾಯಿತು. ನಾನು ಕಣ್ಣು ಮುಚ್ಚಿದೆ. "ಅದು ಹಾಗೆಯೇ ಚಿಕ್ಕಮ್ಮ" ಎಂದ ಅವನು. ರ್ಯಾಮ್ ಮಾತ್ರ ಗಟ್ಟಿಯಾಗಿ ಒತ್ತಬೇಕು, ಟಕ್ ಎನ್ನುವವರೆಗೆ. ಅತ್ಯಂತ ಕಿರಿಕಿರಿ ಪವರ್ ಬಟನ್ನಿನ ಸಪೂರ ತಂತಿಗಳು. ಸಾಸಿವೆಯಂಥ ಪಿನ್ನುಗಳಿಗೆ ಅವನ್ನು ಸಿಕ್ಕಿಸುವ ಕೆಲಸ ಮಗನ ಸಣ್ಣ ಬೆರಳಿಗೆ ಬಂತು. ದೀಪದ ಕ್ಯಾಬಿನೆಟ್ಟಿನ ದುಃಖ ಅಲ್ಲಿಗೆ ಮುಗಿಯಿತು.

ಸಂಜೆ ನಾಲ್ಕಕ್ಕೆ ಸ್ವಿಚ್ಚು ಹಾಕಿದೆವು. ಫ್ಯಾನು ತಿರುಗಿತು. ತೆರೆ ಕಪ್ಪು.

ಐದು ನಿಮಿಷ, ಹತ್ತು ನಿಮಿಷ. ನನ್ನ ಮನಸ್ಸಿನಲ್ಲಿ 31,800 ಎಂಬ ಅಂಕೆ ಮಾತ್ರ. ನಮ್ಮವರು ಮಾತಾಡದೆ ಅಂಗಳಕ್ಕೆ ಹೋದರು. ಅಕ್ಕನ ಮಗನ ಮುಖ ನೋಡಿದರೆ ಅವನಿಗೆ ಗೊತ್ತಾಗಿದೆ, ಹೇಳುತ್ತಿಲ್ಲ. ಮಗಳು ಮದರ್‌ಬೋರ್ಡಿನ ಜೊತೆ ಬಂದ ಪುಸ್ತಕ ತೆಗೆದು ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ತಂತಿ ಹೋಲಿಸತೊಡಗಿದಳು. ಕಡೆಗೆ, "ಇಲ್ಲೊಂದು ಎಂಟು ಪಿನ್ನಿನದ್ದು ಖಾಲಿ ಉಂಟು!" ಪ್ರೊಸೆಸರಿಗೆಂದೇ ಬೇರೆ ಕರೆಂಟು ಹೋಗುವ ತಂತಿ, ಮೇಲಿನ ಮೂಲೆಯಲ್ಲಿ ಫ್ಯಾನಿನ ಮರೆಯಲ್ಲಿತ್ತು. ಪ್ಲಗ್ ತೆಗೆದು ಅದನ್ನು ಸಿಕ್ಕಿಸಿ ಮತ್ತೆ ಹಾಕಿದಾಗ ತೆರೆಯ ಮೇಲೆ ಅಕ್ಷರ ಮೂಡಿತು. ಅಂಗಳದಲ್ಲಿದ್ದವರನ್ನು ಕರೆಯಲು ಮಗ ಓಡಿದ.

ವಿಂಡೋಸ್‌ಗೆ ಪ್ರತ್ಯೇಕವಾಗಿ ಹತ್ತು ಸಾವಿರದ ಹತ್ತಿರ ಕೊಡಬೇಕು. ಜೋಡಿಸುವವರು ಹೆಚ್ಚಾಗಿ ಮರೆತುಬಿಡುವ ಲೆಕ್ಕ ಇದು. ಕಂಪನಿಯ ಹೊಸ ಕಂಪ್ಯೂಟರಿನ ಬೆಲೆಯಲ್ಲಿ ಅನೇಕ ಸಲ ಅದು ಸೇರಿರುತ್ತದೆ. ಕಳ್ಳ ಪ್ರತಿ ಬೇಡವೆಂದು ನಾವು ಹಣ ಕೊಡಬೇಕಿಲ್ಲದ ಲಿನಕ್ಸ್ ಮಿಂಟ್ ಹಾಕಿಕೊಂಡೆವು. ಶಾಲೆಯ ಕೆಲಸಕ್ಕೆ, ಕನ್ನಡ ಬರೆಯಲಿಕ್ಕೆ ಈವರೆಗೆ ತೊಂದರೆ ಆಗಿಲ್ಲ. ಅದರಲ್ಲೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಹಾಕಿಕೊಳ್ಳಬಹುದು. ಕಿನ್ನಿಕಂಬಳದವರಾದ, ಮಣಿಪಾಲದಲ್ಲಿ ಪಾಠ ಹೇಳಿದ ರಾವ್ ಅವರು ರೂಪಿಸಿದ ಆ ವಿನ್ಯಾಸವೇ ನುಡಿ ತಂತ್ರಾಂಶದಲ್ಲೂ ಇರುವುದು. ನಾವು ದಿನಾ ಒತ್ತುವ ಕನ್ನಡದ ಕೀಲಿಗಳ ಜೋಡಣೆ ನಮ್ಮ ಜಿಲ್ಲೆಗಳ ನಂಟಿನದ್ದು ಎಂದು ತಿಳಿದಾಗ ಮಗಳು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಉಪ್ಪುಗಾಳಿ, ಹಲ್ಲಿ, ಸಿಡಿಲು

ಈಗ ಎರಡು ವರ್ಷವಾಗುತ್ತ ಬಂತು. ಎರಡೂ ಮನೆಯ ಕಂಪ್ಯೂಟರುಗಳು ನಡೆಯುತ್ತಿವೆ. ಎರಡೂ ಒಂದೊಂದು ಸಲ ಕೈಕೊಟ್ಟಿವೆ.

ನಮ್ಮಲ್ಲಿ ಶತ್ರು ಉಪ್ಪುಗಾಳಿ. ಕಾಪುವಿನಲ್ಲಿ ಕಿಟಕಿ ಸರಳೇ ತುಕ್ಕು ಹಿಡಿದು ಉದುರುವಾಗ ಕಂಪ್ಯೂಟರ್ ಯಾವ ಲೆಕ್ಕ? ಮೊದಲ ಮಳೆಗಾಲ ಕಳೆದ ಮೇಲೆ ಒಂದು ದಿನ ಅದು ಹೊತ್ತಿಕೊಳ್ಳಲಿಲ್ಲ. ಮಗಳು ರ್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಒರೆಸಿ ಹಾಕಿದಳು. ಸರಿಯಾಯಿತು. ಖರ್ಚು ಸೊನ್ನೆ. ಅಂದಿನಿಂದ ಆಟಿಯಲ್ಲಿ ಕೆಲಸವಿರಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಹಚ್ಚಿಡುತ್ತೇವೆ. ಒಳಗಿನ ಬಿಸಿಗೆ ತೇವ ಆರುತ್ತದೆ. ಹಿಂದೆ ಒಂದು ಖಾಲಿ ಕಿಂಡಿಯಿತ್ತು, ಅದರಲ್ಲಿ ಹಲ್ಲಿ ಹೋಗಿ ಮೊಟ್ಟೆಯಿಟ್ಟಿತ್ತು. ಈಗ ನೈಲಾನ್ ಸೊಳ್ಳೆಪರದೆಯ ತುಂಡು ಹೊಲಿದು ಅಂಟಿಸಿದ್ದೇನೆ. ಈ ಕಂಪ್ಯೂಟರಿನಲ್ಲಿ ನನ್ನ ಪಾಲಿನ ಇಂಜಿನಿಯರಿಂಗ್ ಅದೊಂದೇ.

ಕಾರ್ಕಳದಲ್ಲಿ ಶತ್ರು ಸಿಡಿಲು. ಘಟ್ಟದ ಬುಡ, ಮುಂಗಾರಿನ ಮುಂಚೆ ಸಂಜೆಯಾದರೆ ಗುಡುಗು. 2025ರ ಏಪ್ರಿಲ್‌ನಲ್ಲಿ ಅಣ್ಣ ಕಂಪ್ಯೂಟರ್ ಪ್ಲಗ್ ತೆಗೆದಿಟ್ಟಿದ್ದ, ಆದರೂ ಇಂಟರ್‌ನೆಟ್ ತಂತಿ ಸಿಕ್ಕಿಸುವ ಕಿಂಡಿ ಸುಟ್ಟುಹೋಯಿತು. ಹೇಗೆ? ಮನೆಗೆ ಬರುವ ಫೈಬರ್ ದಾರ ಗಾಜಿನದ್ದು, ಅದರಲ್ಲಿ ಸಿಡಿಲು ಬರದು. ಆದರೆ ರೂಟರಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇತ್ತು, ರೂಟರಿನಿಂದ ಕಂಪ್ಯೂಟರಿಗೆ ತಾಮ್ರದ ತಂತಿ ಇತ್ತು. ಆ ದಾರಿಯಲ್ಲಿ ಬಂತು. ಯುಎಸ್‌ಬಿಗೆ ಸಿಕ್ಕಿಸುವ ನಾನೂರು ರೂಪಾಯಿಯ ಒಂದು ತುಂಡಿನಿಂದ ಕೆಲಸ ಮುಂದುವರಿಯಿತು. ಈಗ ಮೂರನ್ನೂ ಕೀಳುತ್ತಾನೆ.

ಅವನಿಗೆ ಇನ್ನೊಂದು ಪೆಟ್ಟು ಬಿದ್ದದ್ದು 2025ರ ಅಕ್ಟೋಬರ್ 14ಕ್ಕೆ. ಅಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ ನಿಲ್ಲಿಸಿತು. ವಿಂಡೋಸ್ 11 ನಿಯಮದಂತೆ ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ಮೇಲಿನದ್ದಕ್ಕೇ. ಅಣ್ಣನದ್ದು ಆರನೆಯದು. ಲಿನಕ್ಸ್ ಹಾಕಿಕೊಡಲು ಈ ಸಲ ಅಕ್ಕನ ಮಗ ಬರಲಿಲ್ಲ, ನನ್ನ ಮಗಳೇ ಕಾಪುವಿನಿಂದ ಹೋದಳು. ಈಗ ರಿಫರ್ಬಿಷ್ಡ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಎಂಟನೇ ತಲೆಮಾರಿಗಿಂತ ಹಳೆಯದ್ದು ಅಗ್ಗವಾಗಿ ಸಿಗುತ್ತಿರುವುದಕ್ಕೆ ಕಾರಣ ಉಂಟು ಎಂದು.

ಹೊಲಿಗೆಗೆ ಬರುವ ತಾಯಂದಿರು ಈಗ ಅಳತೆ ಕೊಡುವಾಗ ಕಂಪ್ಯೂಟರಿನ ಮಾತೂ ತೆಗೆಯುತ್ತಾರೆ. ಜೋಡಿಸಿದರೆ ಹಣ ಉಳಿಯುತ್ತದೆಯೇ ಎಂದು ಎಲ್ಲರ ಪ್ರಶ್ನೆ. ಇಪ್ಪತ್ತು ಸಾವಿರದ ಒಳಗಾದರೆ ಉಳಿಯುವುದಿಲ್ಲ, ಬರಹದ ವಾರಂಟಿ ಇರುವ ಆಫೀಸು ಪೆಟ್ಟಿಗೆಯೇ ಸೈ ಎನ್ನುತ್ತೇನೆ. ಗೇಮ್, ವಿಡಿಯೋ ಎಡಿಟಿಂಗ್ ಎಂದು ಐವತ್ತು ಅರವತ್ತು ಸಾವಿರಕ್ಕೆ ಹೋಗುವವರು ಜೋಡಿಸಿದರೆ ಒಳ್ಳೆಯದು. ನಡುವಿನ ನಮ್ಮಂಥವರಿಗೆ ಹಣದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮನೆಯಲ್ಲಿ ಕಲಿಯಲು ಆಸೆಯಿರುವ ಒಂದು ಮಗು, ಎದುರು ಕೂತು ಕೈಕಟ್ಟಿಕೊಳ್ಳುವ ಒಬ್ಬ ಅಣ್ಣ ಇದ್ದಾರೋ ನೋಡಿ. ಇಲ್ಲದಿದ್ದರೆ ಬೇಡ. ಅದರ ಮೇಲೆ ಕಳೆದ ವರ್ಷದ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಎಐಗಾಗಿ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮರಿ ಚಿಪ್ಪುಗಳನ್ನು ಸೆಳೆದುಕೊಳ್ಳುತ್ತಿವೆಯಂತೆ. ನನ್ನ 2024ರ ಬಿಲ್ಲು ಹಿಡಿದು ಯಾರೂ ಅಂಗಡಿಗೆ ಹೋಗಬೇಡಿ.

ಮತ್ತೆ, ಯಾವುದೇ ಕಂಪ್ಯೂಟರಿನಲ್ಲಿ ಏನನ್ನಾದರೂ ಒಂದೇ ಕಡೆ ಇಡಬೇಡಿ ಎನ್ನುತ್ತೇನೆ. ಕೆಲವರು ಏಕೆಂದು ಕೇಳುತ್ತಾರೆ.

2024ರ ಜೂನ್‌ನಲ್ಲಿ ಅಣ್ಣ ಹೊಸದಾಗಿ ತಂದ ಆ ಹಳೆಯ ಪೆಟ್ಟಿಗೆಗೆ ತನ್ನ ಮೊಬೈಲಿನ ಫೋಟೋಗಳನ್ನೆಲ್ಲ ಸುರಿಯುತ್ತಿದ್ದ. ತೋಟದ ಫೋಟೋ, ಮದುವೆ ಕಾಗದ, ಶುಭೋದಯದ ಹೂವು. ಅವುಗಳ ನಡುವೆ ನಾಲ್ಕು ಆಡಿಯೋ. ದಸರೆಯಂದು ಮಗಳು ಉಮೇದಿನಲ್ಲಿ ವಾಟ್ಸಾಪ್ ಮಾಡಿ ಮರೆತಿದ್ದವು. ಹನ್ನೊಂದರಲ್ಲಿ ನಾಲ್ಕು. ಫೋನ್ ಮಾಡಿ ಏನೂ ಹೇಳದೆ ಸ್ಪೀಕರಿನ ಹತ್ತಿರ ಹಿಡಿದ. ಮೊದಲು ಕೋಳಿ ಕೂಗಿತು, ಆಮೇಲೆ ಅಮ್ಮ ಕೆಮ್ಮಿದರು.

ಈಗ ಆ ನಾಲ್ಕು ಹಾಡು ನಮ್ಮ ಕಂಪ್ಯೂಟರಿನಲ್ಲಿವೆ, ಅಣ್ಣನದ್ದರಲ್ಲಿವೆ, ಮತ್ತೊಂದು ಪೆನ್‌ಡ್ರೈವಿನಲ್ಲಿ ತವರಿನ ಕಪಾಟಿನ ಸ್ಟೀಲ್ ಡಬ್ಬಿಯೊಳಗೆ, ಪಹಣಿ ಪತ್ರಗಳ ಜೊತೆ. ಮೊನ್ನೆ ಸಂಜೆ ಮೂಡಣದಲ್ಲಿ ಕಪ್ಪು ಕಟ್ಟಿ ಮಿಂಚತೊಡಗಿತ್ತು. ಅಣ್ಣನ ಫೋನ್ ಬಂತು. "ಮೂರೂ ತೆಗ್ದಿದ್ದೇನೆ, ನೀವು ತೆಗ್ದಿದ್ದೀರಾ?" ಎಂದು ಕೇಳಿ ಇಟ್ಟುಬಿಟ್ಟ.